ಆರು ಕಾಲಿನ ಜೇಡ

ಮಿನಿಯಾಪೊಲಿಸ್
ಭಾನುವಾರ, 3 ನವೆಂಬರ್ 2024

ಪ್ರೀತಿಯ ಪುಟ್ಟೀ,

ನಾನಿಲ್ಲಿ ಕ್ಷೇಮ. ಮಂಡಿನೋವೂ ಕ್ಷೇಮ, ಅದೂ ನನ್ನ ಜೊತೆಯಲ್ಲೇ ವೀಸಾ ಮಾಡಿಸಿಕೊಂಡು ಬಂದಿದೆ.

ಇವತ್ತು ಇಲ್ಲಿ ಒಂದು ಗಂಟೆ ಪುಕ್ಕಟೆ ಸಿಕ್ಕಿದೆ ಕಣೇ. ನವೆಂಬರಿನ ಮೊದಲ ಭಾನುವಾರ ರಾತ್ರಿ ಎರಡು ಹೊಡೆಯುವ ಹೊತ್ತಿಗೆ ಗಡಿಯಾರವನ್ನು ಒಂದಕ್ಕೆ ತಿರುಗಿಸುತ್ತಾರೆ. ಮನೆಯವರೆಲ್ಲ ಸಿಕ್ಕ ಗಂಟೆಯನ್ನು ನಿದ್ದೆಯ ಖಾತೆಗೆ ಹಾಕಿದ್ದಾರೆ. ನನ್ನ ಕಣ್ಣಿಗೆ ಮಾತ್ರ ಸರ್ಕಾರದ ಆಜ್ಞೆ ತಿಳಿಯಲಿಲ್ಲ. ಎಂದಿನಂತೆ ಐದಕ್ಕೆ ಬಿಟ್ಟುಕೊಂಡಿತು, ನೋಡಿದರೆ ಗೋಡೆಯಲ್ಲಿ ನಾಲ್ಕು. ಕಾಫಿ ಮಾಡಿಕೊಂಡು ಅಡುಗೆಮನೆಯ ಮೇಜಿಗೆ ಕೂತಿದ್ದೇನೆ. ಹಲಗೆಯ ಸಂದಿನಲ್ಲಿ ಕಿತ್ತಳೆ ಬಣ್ಣದ ಸಕ್ಕರೆ ಇನ್ನೂ ಅಂಟಿಕೊಂಡಿದೆ. ಈ ಕಾಗದ ಅದರದ್ದೇ ಕಥೆ.

ನಿನ್ನೆ ಗೋಪೂಜೆ ಮುಗಿಸಿ ಫೋನ್ ಮಾಡಿದಾಗ ನೀನು ಎರಡು ಮಾತು ಅಂದೆ. ಒಂದು, ನಾನು ಕಳಿಸಿದ ಫೋಟೋ ನೋಡಿ: "ಅದೇನೇ ಅಕ್ಕ, ದೀಪಾವಳಿ ದಿನ ದೆವ್ವದ ಬಿಸ್ಕತ್ತು ಮಾಡಿಟ್ಕೊಂಡು ಕೂತಿದೀರಿ?" ಇನ್ನೊಂದು, ಫೋನ್ ಇಡುವ ಮುಂಚೆ, ದನಿ ಇಳಿಸಿ: "ಮೊಮ್ಮಕ್ಕಳು ನಾಲ್ಕು ದಿನ ಇದ್ವು. ನಾಲ್ಕು ದಿನವೂ ಮೊಬೈಲು ಹಿಡ್ಕೊಂಡು ಮೂಲೆ ಸೇರಿದ್ವು. ನಾನು ಕರ್ದು ಏನು ಮಾಡ್ಸಲಿ ಹೇಳು?" ಎರಡಕ್ಕೂ ಉತ್ತರ ಒಂದೇ ಕಡೆ ಸಿಗಬಹುದು ಅಂತ ರಾತ್ರಿ ಹೊಳೆಯಿತು. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಬ್ಬದ ವಿಷಯ. ಈ ವರ್ಷ ನಮ್ಮ ನರಕ ಚತುರ್ದಶಿ, ಇವರ ಹ್ಯಾಲೋವೀನ್ ಎರಡೂ ಅಕ್ಟೋಬರ್ 31ರ ಗುರುವಾರವೇ ಬಿದ್ದವು. ಬೆಳಿಗ್ಗೆ ಎಣ್ಣೆ ನೀರು, ಸಂಜೆ ದೆವ್ವ. ಮನೆ ಮುಂದೆ ಒಂದು ಮೆಟ್ಟಿಲಿಗೆ ಹಣತೆ, ಇನ್ನೊಂದಕ್ಕೆ ಹಲ್ಲು ಕಿರಿದ ಚೀನಿಕಾಯಿ. ನಮ್ಮ ಕಡೆ ಹೊಸ ಮನೆ ಕಟ್ಟುವಾಗ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ತೂಗುಹಾಕುತ್ತೇವಲ್ಲ, ಅದೇ ವೇಷ, ಬಣ್ಣ ಬೇರೆ, ಅಷ್ಟೇ. ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರಂತೆ. ಅಮೆರಿಕಕ್ಕೆ ಬಂದವರಿಗೆ ಗೆಡ್ಡೆಗಿಂತ ದೊಡ್ಡದೂ ಕೊರೆಯಲು ಮೆತ್ತನೆಯದೂ ಆದ ಚೀನಿಕಾಯಿ ಸಿಕ್ಕಿತು. ನವೆಂಬರ್ 1 ಕ್ರಿಶ್ಚಿಯನ್ನರಿಗೆ ಸಕಲ ಸಂತರ ದಿನ, 2 ಸತ್ತವರ ದಿನ. ಹಿಂದೆ ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥನೆ ಮಾಡಿ, ಬದಲಿಗೆ 'ಸೋಲ್ ಕೇಕ್' ಎನ್ನುವ ಸಣ್ಣ ರೊಟ್ಟಿ ಪಡೆಯುತ್ತಿದ್ದರು. ಅಂದರೆ ಈ ಬಿಸ್ಕತ್ತಿನ ಮುತ್ತಜ್ಜಿ ನಮ್ಮ ಪಕ್ಷದ ಎಡೆಗೆ ದೂರದ ನೆಂಟಳೇ. ನಮ್ಮಲ್ಲಿ ಹೋದವರು ಕಾಗೆಯಾಗಿ ಬಂದು ಉಣ್ಣುತ್ತಾರೆ, ಇಲ್ಲಿ ಮಕ್ಕಳಾಗಿ ಬಂದು ಚಾಕ್ಲೇಟು ಒಯ್ಯುತ್ತಾರೆ.

ಮಕ್ಕಳು ಸಂಜೆ ವೇಷ ಹಾಕಿ, ಚೀಲ ಹಿಡಿದು, ಬಾಗಿಲು ಬಡಿಯುತ್ತಾ ಹೋಗುತ್ತಾರೆ. ನನಗೆ ಥಟ್ಟನೆ ನೆನಪಾದದ್ದು ನಮ್ಮ ಅಂಟಿಗೆ ಪಂಟಿಗೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡಿಕೊಂಡು ಬರುವವರಿಗೆ ನಾವಿಬ್ಬರೂ ಕಂಬಳಿ ಹೊದ್ದು ಜಗಲಿಯಲ್ಲಿ ಕಾಯುತ್ತಿದ್ದೆವಲ್ಲ. ಅಜ್ಜಿ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ನಮ್ಮ ದೀಪ ಹಚ್ಚಿಕೊಂಡು, ಅಕ್ಕಿ ಕಾಸು ಕಡುಬು ಕೊಟ್ಟು ಕಳಿಸುತ್ತಿದ್ದಳು. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಇಲ್ಲೂ ಅದೇ. ಒಂದು ವ್ಯತ್ಯಾಸ ಹೇಳಿ ನಗಿಸುತ್ತೇನೆ: ತೊಂಬತ್ತರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ನಮ್ಮವರೆಲ್ಲ 'ನಾಳೆ ಬಾ' ಅಂತ ಬಾಗಿಲ ಮೇಲೆ ಬರೆದರು, ನೆನಪಿದೆಯಾ? ಇವರು ದೆವ್ವ ಬರಲಿ ಅಂತ ಬಾಗಿಲ ದೀಪ ಹಾಕಿಟ್ಟು ಕಾಯುತ್ತಾರೆ. ದೀಪ ಆರಿಸಿದ ಮನೆ ಅಂದರೆ ಅದೇ 'ನಾಳೆ ಬಾ'.

ತುಂಟಾಟವೂ ನಮ್ಮದರಂತೆಯೇ. ಕಾಮನ ಹುಣ್ಣಿಮೆಗೆ ಹುಡುಗರು ಸೌದೆ ಕುಳ್ಳು ಕದಿಯುತ್ತಿದ್ದರಲ್ಲ, ಹಾಗೆ ಇಲ್ಲಿಯ ಹುಡುಗರೂ ಹಿಂದೆ ಈ ರಾತ್ರಿ ಊರಿನ ನೆಮ್ಮದಿ ಕೆಡಿಸುತ್ತಿದ್ದರು. ನಮ್ಮ ಮನೆಯಿಂದ ಬಡಗಣಕ್ಕೆ ಅನೋಕಾ ಎಂಬ ಊರಿದೆ. ಅಲ್ಲಿ ಹ್ಯಾಲೋವೀನ್ ರಾತ್ರಿ ಹುಡುಗರು ದನಗಳನ್ನು ಬಿಚ್ಚಿ ಪೇಟೆ ಬೀದಿಗೆ ಬಿಟ್ಟರಂತೆ. ಬೇಸತ್ತ ಊರವರು 1920ರಲ್ಲಿ, ಇವರ ಕೈಗೆ ಬೇರೆ ಕೆಲಸ ಕೊಡೋಣ ಅಂತ ಮೆರವಣಿಗೆ, ತಿಂಡಿ ಎಲ್ಲ ಏರ್ಪಡಿಸಿದರು. ಇವತ್ತು ಆ ಊರು ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಹುಡುಗರ ಕೈಗೆ ಬೇರೆ ಕೆಲಸ ಕೊಡುವುದು! ಈ ಮಾತನ್ನು ಸೆರಗಿಗೆ ಗಂಟು ಹಾಕಿಕೋ, ಕಾಗದದ ಕೊನೆಗೆ ಬಿಚ್ಚುತ್ತೇನೆ.

ಈಗ ಬಿಸ್ಕತ್ತಿಗೆ ಬರೋಣ. ಇವರು ಕುಕ್ಕಿ ಅನ್ನುತ್ತಾರೆ. ಮನೆಯಲ್ಲಿ ಮಾಡಿದ್ದನ್ನು ಬಾಗಿಲಿಗೆ ಬರುವ ಗುರುತಿಲ್ಲದ ಮಕ್ಕಳಿಗೆ ಕೊಡುವ ಹಾಗಿಲ್ಲ, ಅವರಿಗೆ ಅಂಗಡಿಯ ಪೊಟ್ಟಣದ ಮಿಠಾಯಿಯೇ ಆಗಬೇಕು. ಆದ್ದರಿಂದ ಇದು ಮನೆಯ ಮಕ್ಕಳು, ಗುರುತಿನವರ ಮಕ್ಕಳು ಸೇರಿ ಹಬ್ಬದ ಮೊದಲು ಮಾಡಿ ತಿನ್ನುವ ಆಟ. ಹಿಂದಿನ ಶನಿವಾರ ಮಗಳು ಅಂದಳು: "ಅಮ್ಮ, ನಾಳೆ ಮಕ್ಕಳ ಜೊತೆ ಕುಕ್ಕಿ ಅಲಂಕಾರ. ನೀನು ಸುಮ್ಮನೆ ಕೂತು ನೋಡು." ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಸುಮ್ಮನೆ ಕೂತು ನೋಡು ಅಂದರೆ! ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಮೇಜಿನ ಸುತ್ತ ಮೂವರು: ಒಂಬತ್ತರ ಮೊಮ್ಮಗಳು, ಐದರ ಮೊಮ್ಮಗ, ಪಕ್ಕದ ಮನೆಯ ಏಳರ ಹುಡುಗ. ಮೇಜಿಗೆ ಹಳೆಯ ಪತ್ರಿಕೆ ಹಾಸಿ, ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ. ತಟ್ಟೆಯಾಚೆ ಹೋದರೆ ತಂಟೆ, ತಟ್ಟೆಯೊಳಗೆ ರಾಜ್ಯ ಅವರದ್ದೇ. ಈ ಉಪಾಯ ಮಗಳದ್ದು, ಚೆನ್ನಾಗಿದೆ.

ಇಲ್ಲಿ ಸುಲಭದ ಗುಟ್ಟೇನು ಅಂದರೆ ಅರ್ಧ ಕೆಲಸ ಅಂಗಡಿಯದು. ಓರಿಯೊ ಗೊತ್ತಲ್ಲ, ನಿಮ್ಮ ಪೇಟೆಯ ಅಂಗಡಿಯಲ್ಲೂ ತೂಗುತ್ತಿರುತ್ತದೆ. 1912ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಅದರ ನಡುವಿನ ಕೆನೆಗೆ ಉಪ್ಪಿನ ಪ್ರೆಟ್ಜೆಲ್ ಕಡ್ಡಿಯ ತುಂಡುಗಳನ್ನು ಆಚೆ ನಾಲ್ಕು, ಈಚೆ ನಾಲ್ಕು ಸಿಕ್ಕಿಸಿ, ಮೇಲೆ ಎರಡು ಸಕ್ಕರೆ ಕಣ್ಣು ಅಂಟಿಸಿದರೆ ಜೇಡ. ಕೆನೆ ದಪ್ಪಗಿರುವ ಬಗೆಯದ್ದು ತೆಗೆದುಕೊಂಡರೆ ಕಾಲು ಜಾರುವುದಿಲ್ಲ. ತಳಕ್ಕೆಲ್ಲ ಚಾಕ್ಲೇಟು ಬಳಿದ ಗುಂಡು ಬಿಸ್ಕತ್ತನ್ನು ಬೋರಲು ಹಾಕಿ, ನಡುವೆ ಕಿತ್ತಳೆ ಬಣ್ಣದ ಕೆನೆಯ ಬಳೆ ಎಳೆದು, ಅದರ ಮೇಲೆ ಹರ್ಷೀಸ್ ಕಿಸ್ ಎಂಬ ಮೊನೆಚಾದ ಚಾಕ್ಲೇಟು ಕೂರಿಸಿದರೆ ಮಾಟಗಾತಿಯ ಟೋಪಿ. ಉದ್ದನೆಯ ಬಿಸ್ಕತ್ತನ್ನು ಕರಗಿಸಿದ ಬಿಳಿ ಚಾಕ್ಲೇಟಿನಲ್ಲಿ ಅದ್ದಿ ತೆಗೆದು ಎರಡು ಕಪ್ಪು ಚುಕ್ಕಿ ಇಟ್ಟರೆ ದೆವ್ವ. ಅದೇ ಬಿಳಿಯನ್ನು ಚಮಚದಿಂದ ಅಡ್ಡಾದಿಡ್ಡಿ ಎಳೆ ಬಿಟ್ಟರೆ ಬಟ್ಟೆ ಸುತ್ತಿದ ಈಜಿಪ್ಟಿನ ಹೆಣ. ಎಳೆ ಎಷ್ಟು ಸೊಟ್ಟಗಿದ್ದರೆ ಅಷ್ಟು ನಿಜವಾದ ಹೆಣ. ಒಲೆ ಇಲ್ಲ, ಚಾಕು ಇಲ್ಲ, ಐದು ವರ್ಷದವನಿಗೂ ಸೋಲಿಲ್ಲ.

ದೆವ್ವಕ್ಕೆ ಎಲ್ಲರೂ ಬಳಸುವುದು ನಟರ್ ಬಟರ್ ಅನ್ನುವ ಬಿಸ್ಕತ್ತು. ಕಡಲೆಕಾಯಿಯ ಆಕಾರ, ನಡು ಸಣ್ಣ, ಅದ್ದಿದರೆ ಥೇಟ್ ಮುಸುಕು ಹಾಕಿಕೊಂಡ ದೆವ್ವ. ಆದರೆ ಆಕಾರಕ್ಕೆ ತಕ್ಕ ಹಾಗೆ ಒಳಗೂ ಕಡಲೆಕಾಯಿಯೇ, ಮತ್ತು ಪಕ್ಕದ ಮನೆಯ ಹುಡುಗನಿಗೆ ಕಡಲೆಕಾಯಿ ಆಗದು. ಆಗದು ಅಂದರೆ ನಮ್ಮಲ್ಲಿ ಬದನೆಕಾಯಿ ಆಗದು ಅನ್ನುವ ಹಾಗಲ್ಲ, ಉಸಿರೇ ಕಟ್ಟಿಬಿಡಬಹುದು. ಮಗಳು ಪ್ರತಿ ಪೊಟ್ಟಣದ ಹಿಂಬದಿಯನ್ನು ಪಂಚಾಂಗ ಓದಿದ ಹಾಗೆ ಓದಿ, ಆಮೇಲೆ ಒಡೆದಳು. ಇಂಥ ಮಕ್ಕಳಿಗಾಗಿಯೇ ಕೆಲವು ಮನೆಗಳ ಮುಂದೆ ನೀಲಿ-ಹಸಿರು ಬಣ್ಣ ಬಳಿದ ಚೀನಿಕಾಯಿ ಇಡುತ್ತಾರೆ. ಈ ಮನೆಯಲ್ಲಿ ತಿಂಡಿಯಲ್ಲದ ಉಡುಗೊರೆಯೂ ಉಂಟು, ಪೆನ್ಸಿಲು, ಪೀಪಿ, ಚೆಂಡು, ಹೆದರದೆ ಬಾ ಅಂತ ಅದರ ಅರ್ಥ. 2014ರಿಂದ ದೇಶದ ತುಂಬ ಹರಡಿದ ಪದ್ಧತಿ. ನಮ್ಮ ಮೆಟ್ಟಿಲಿಗೂ ಒಂದು ಇಟ್ಟೆವು. ಬಣ್ಣ ಬಳಿದವನು ಅದೇ ಹುಡುಗ.

ನನಗೂ ಪೊಟ್ಟಣ ಓದುವ ಹುಚ್ಚು ಹತ್ತಿತು. ಈ ಹಬ್ಬದಲ್ಲಿ ಎಲ್ಲೆಲ್ಲೂ ಕಾಣುವ 'ಕ್ಯಾಂಡಿ ಕಾರ್ನ್' ಅಂತ ಮೂರು ಬಣ್ಣದ ಮಿಠಾಯಿ ಇದೆ, ಮೆಕ್ಕೆಜೋಳದ ಕಾಳಿನಂತೆ. ಜೇಡಕ್ಕೆ ಕೊಂಬು ಬೇಕು ಅಂತ ಮೊಮ್ಮಗ ಅದನ್ನು ಹಿಡಿದಿದ್ದ. ಓದಿದರೆ ಜೆಲಟಿನ್, ಅಂದರೆ ದನ ಹಂದಿಗಳ ಚರ್ಮ ಎಲುಬುಗಳಿಂದ ಬಂದದ್ದು. ಮೆತ್ತನೆಯ ಮಾರ್ಷ್‌ಮ್ಯಾಲೋದಲ್ಲೂ ಸಾಮಾನ್ಯವಾಗಿ ಅದೇ. ಅವೆರಡೂ ನಮ್ಮ ಮೇಜಿನಿಂದ ಇಳಿದವು. ಇನ್ನೊಂದು ಪದ 'ಮಿಠಾಯಿಗಾರರ ಮೆರುಗು'. ಅದೇನು ಅಂತ ಕೆದಕಿದರೆ ನಮ್ಮ ಅರಗು ಕಣೇ! ಮರದ ಮೇಲೆ ಅರಗಿನ ಹುಳ ಮಾಡುವ ಅದೇ ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು, ಪಾಂಡವರ ಮನೆಗೆ ಬೆಂಕಿ ಹತ್ತಿಸಿದ್ದು, ಇಲ್ಲಿ ಮಕ್ಕಳ ಮಿಠಾಯಿಯ ಮೇಲೆ ಫಳಫಳ ಅನ್ನುತ್ತಿದೆ. ಮೊಮ್ಮಗಳಿಗೆ ಅರಗಿನ ಮನೆಯ ಕಥೆ ಹೇಳುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ಅವಳು ಕೇಳುತ್ತಾ ಕೇಳುತ್ತಾ ನಾಲ್ಕು ಟೋಪಿ ಮುಗಿಸಿದಳು.

ಮಧ್ಯೆ ಒಂದು ಅನಾಹುತವೂ ಆಯಿತು. ಬಿಳಿ ಚಾಕ್ಲೇಟನ್ನು ಮೈಕ್ರೋವೇವಿನಲ್ಲಿ ಅರ್ಧ ಉರಿಗೆ ಇಟ್ಟು, 30 ಸೆಕೆಂಡಿಗೊಮ್ಮೆ ತೆಗೆದು ಕಲಕುತ್ತಾ, ರೇಷ್ಮೆಯ ಹಾಗೆ ಕರಗಿಸಿಟ್ಟಿದ್ದೆ. ಐದರ ರಾಜಕುಮಾರ ನೀರಿನ ಲೋಟದಲ್ಲಿ ಅದ್ದಿದ್ದ ಚಮಚವನ್ನು ಅದಕ್ಕೆ ಹಾಕಿ ತಿರುವಿಬಿಟ್ಟ. ಕ್ಷಣದಲ್ಲಿ ರೇಷ್ಮೆ ಹೋಗಿ ಒಡೆದ ಮೊಸರಿನ ಗಂಟು! ಬೊಗಸೆ ನೀರಲ್ಲ, ಹನಿ ನೀರೇ ಸಾಕು. ಕೊಬ್ಬಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಸಕ್ಕರೆಯ ಕಣಗಳು ನೀರು ತಾಗಿದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಮಾಷೆ ಏನು ಅಂದರೆ ಹನಿ ನೀರು ಕೆಡಿಸುತ್ತದೆ, ಧಾರಾಳವಾಗಿ ಬಿಸಿ ಹಾಲು ಹಾಕಿದರೆ ಸರಿಹೋಗುತ್ತದೆ; ಅದ್ದಲು ಬಾರದು, ಆದರೆ ಗಟ್ಟಿ ಪಾಯಸದಂತೆ ಆಗುತ್ತದೆ. ಎರಡು ಬಿಸ್ಕತ್ತಿನ ನಡುವೆ ಹಚ್ಚಿ ಮುಗಿಸಿದೆವು. ಎರಡನೇ ಸಲ ಮಗಳು 'ಕ್ಯಾಂಡಿ ಮೆಲ್ಟ್' ಅನ್ನುವುದನ್ನು ಕರಗಿಸಿದಳು. ಅದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಬೀಜದ ಎಣ್ಣೆಯಂಥದ್ದು ಇರುವುದರಿಂದ ಯಾವ ನಾಜೂಕೂ ಇಲ್ಲದೆ ತಾನಾಗಿ ಗಟ್ಟಿಯಾಗಿ ಹೊಳೆಯುತ್ತದೆ. ರುಚಿ ಒಂದು ಮೆಟ್ಟಿಲು ಕೆಳಗೆ. ಮಕ್ಕಳಿಗೆ ಆ ಮೆಟ್ಟಿಲು ಕಾಣುವುದಿಲ್ಲ.

ನಾನೂ ಬಿಡಲಿಲ್ಲ. ಎಲ್ಲವೂ ಅಂಗಡಿಯದೇ ಆದರೆ ನನ್ನ ಮಾನ ಏನಾಗಬೇಕು? ಒಂದು ಬಗೆ ನನ್ನ ಕೈಯದು ಇರಲಿ ಅಂತ ಹಿಂದಿನ ರಾತ್ರಿಯೇ ಬೆಣ್ಣೆ ಬಿಸ್ಕತ್ತು ಮಾಡಿಟ್ಟಿದ್ದೆ. ಇದರ ಲೆಕ್ಕ ಮರೆಯುವ ಹಾಗೇ ಇಲ್ಲ: ಒಂದು, ಎರಡು, ಮೂರು. 100 ಗ್ರಾಂ ಸಕ್ಕರೆ ಪುಡಿ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು. ಮೊಟ್ಟೆ ಇಲ್ಲ, ಸೋಡಾ ಇಲ್ಲ, ಆದ್ದರಿಂದ ಕತ್ತರಿಸಿದ ಆಕಾರ ಉಬ್ಬಿ ಕೆಡುವುದೂ ಇಲ್ಲ. ನಾದಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕಾಲಂಗುಲ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಲ್ಲಿ ಒತ್ತಿ, 175 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸುವುದು, ಹನ್ನೆರಡು ಹದಿನಾಲ್ಕು ನಿಮಿಷ. ಪೂರ್ತಿ ಆರಿದ ಮೇಲೆಯೇ ಅಲಂಕಾರ. ಬಿಸಿಯ ಮೇಲೆ ಹಾಕಿದರೆ ಬಣ್ಣವೆಲ್ಲ ಕರಗಿ ಹರಿದುಹೋಗುತ್ತದೆ.

ಬಣ್ಣಕ್ಕೆ ಒಂದು ಕಪ್ ಜರಡಿ ಹಿಡಿದ ಸಕ್ಕರೆ ಪುಡಿ, ಒಂದರಿಂದ ಒಂದೂವರೆ ದೊಡ್ಡ ಚಮಚ ಹಾಲು. ಹದ ನೋಡುವುದು ಹೀಗೆ: ಚಮಚದಿಂದ ಎತ್ತಿ ಬಿಟ್ಟ ಎಳೆ ಹತ್ತು ಎಣಿಸುವಷ್ಟರಲ್ಲಿ ಬಟ್ಟಲಿನಲ್ಲಿ ಮುಳುಗಿ ಮಾಯವಾದರೆ ಬಿಸ್ಕತ್ತಿನ ಮೇಲೆ ಹರಡಲು ಸರಿ. ಇಪ್ಪತ್ತು ಎಣಿಸಿದರೂ ಎಳೆ ಕಾಣುತ್ತಿದ್ದರೆ ಗೆರೆ ಎಳೆಯಲು ಸರಿ. ಎಣಿಸುವ ಕೆಲಸ ಐದರವನಿಗೆ ಕೊಟ್ಟೆವು. ಅವನು ಏಳಾದ ಮೇಲೆ ನೇರ ಹತ್ತಕ್ಕೆ ಹಾರುತ್ತಿದ್ದುದರಿಂದ ನಮ್ಮ ಬಣ್ಣ ಸ್ವಲ್ಪ ತೆಳ್ಳಗೇ ಆಯಿತು. ಗೆರೆ ಎಳೆಯಲು ಯಂತ್ರ ಬೇಡ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆಯಲ್ಲಿ ಸೂಜಿಮೊನೆಯಷ್ಟು ಕತ್ತರಿಸಿದರೆ ಅದೇ ನಮ್ಮ ಮೆಹೆಂದಿ ಕೋನ್.

ಇಲ್ಲಿ ನನ್ನ ಕಾಲ ಬಂತು. ಬಿಸ್ಕತ್ತಿನ ಮೇಲೆ ಬಿಳಿ ಹರಡಿ, ಅದು ಒಣಗುವ ಮೊದಲೇ ಕಪ್ಪಿನಿಂದ ಒಂದರೊಳಗೊಂದು ಮೂರು ಸುತ್ತು ಎಳೆದು, ಹಲ್ಲುಕಡ್ಡಿಯ ತುದಿಯನ್ನು ನಡುವಿನಿಂದ ಅಂಚಿಗೆ ಎಂಟು ಸಲ ಹಾಯಿಸಿದೆ. ಜೇಡರ ಬಲೆ! ಮೂವರೂ ಬಾಯಿ ಬಿಟ್ಟುಕೊಂಡು ನೋಡಿದರು. "ಅಜ್ಜೀ, ಹೇಗೆ ಮಾಡಿದೆ?" ಧನುರ್ಮಾಸದಲ್ಲಿ ಅಂಗಳದ ತುಂಬ ಎಳೆ ಬಿಟ್ಟವಳಿಗೆ ಇದೊಂದು ಅಂಗುಲದ ರಂಗೋಲಿ ಅಷ್ಟೇ ಅಂತ ಅವರಿಗೆ ಹೇಗೆ ಹೇಳಲಿ. ಬಿಂಕದಿಂದ ಇನ್ನೊಂದು ಮಾಡಿ ತೋರಿಸಿದೆ.

ಆ ಬಿಂಕದಲ್ಲೇ ತಪ್ಪು ಮಾಡಿದೆ, ಪುಟ್ಟೀ.

ಮೊಮ್ಮಗ ತನ್ನ ಜೇಡ ತೋರಿಸಿದ. ಒಂದು ಕಡೆ ನಾಲ್ಕು ಕಾಲು, ಇನ್ನೊಂದು ಕಡೆ ಎರಡೇ. ಕಣ್ಣುಗಳು ಎರಡೂ ಒಂದೇ ಕಡೆ ವಾಲಿದ್ದವು. ನಾನು ಮೇಷ್ಟ್ರಮ್ಮ ಅಲ್ಲವಾ: "ಜೇಡಕ್ಕೆ ಎಂಟು ಕಾಲು ಮರೀ. ಆರು ಇದ್ರೆ ಅದು ಕೀಟ" ಅಂತ ಹೇಳುತ್ತಲೇ ಕೈ ಚಾಚಿ ಕಣ್ಣು ಸರಿಮಾಡಿ, ಇನ್ನೆರಡು ಕಾಲು ಸಿಕ್ಕಿಸಿಬಿಟ್ಟೆ. ಅವನು ಅಳಲಿಲ್ಲ, ಕೂಗಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, ಕುರ್ಚಿಯಿಂದ ಇಳಿದು, ಟಿವಿ ಇರುವ ಕೋಣೆಗೆ ಹೋಗಿ ಟ್ಯಾಬ್ ಹಿಡಿದು ಕೂತ.

ಮಗಳು ಏನೂ ಅನ್ನಲಿಲ್ಲ. ಒಂದು ಸಲ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗುರುತಿತ್ತು, ಎಲ್ಲಿಯದು ಅಂತ ಮಾತ್ರ ಆಗ ಹೊಳೆಯಲಿಲ್ಲ.

ಹೊಳೆದದ್ದು ರಾತ್ರಿ. ಮಕ್ಕಳು ಮಲಗಿದ್ದರು. ಅಲಂಕಾರ ಒಣಗಲು ರಾತ್ರಿಯೆಲ್ಲ ಬೇಕು, ತಟ್ಟೆಗಳು ಮೇಜಿನ ಮೇಲೇ ಇದ್ದವು. ನೀರು ಕುಡಿಯಲು ಎದ್ದು ಬಂದರೆ ಮಗಳು ಒಬ್ಬಳೇ ಕೂತು ಉಳಿದಿದ್ದ ಒಂದು ಬಿಸ್ಕತ್ತಿಗೆ ಬಣ್ಣ ಹಾಕುತ್ತಿದ್ದಳು. ನಲವತ್ತೆರಡು ವರ್ಷದವಳು, ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು. ನನ್ನನ್ನು ಕಂಡು ನಾಚಿದಳು. "ಚಕ್ಕುಲಿ ಒತ್ತು ನಂಗೆ ಯಾವತ್ತೂ ಕೊಟ್ಟಿರ್ಲಿಲ್ಲ ನೀನು" ಅಂದಳು. ದೂರು ಅಲ್ಲ, ಇವತ್ತು ಚಳಿ ಅನ್ನುವ ಹಾಗೆ ಅಂದಳು. "ಕೊಡು ಅಂದ್ರೆ, ಹೋಗಿ ಆಚೆ ಆಡ್ಕೋ ಅಂತಿದ್ದೆ. ಆಮೇಲಾಮೇಲೆ ಕೇಳೋದೇ ಬಿಟ್ಟೆ."

ಅತ್ತೆಯ ಮಡಿ, ನೈವೇದ್ಯಕ್ಕೆ ಮೊದಲು ಮಕ್ಕಳು ಮುಟ್ಟುವ ಹಾಗಿರಲಿಲ್ಲ ಅಂತ ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ. ಆದರೆ ಅತ್ತೆ ಹೋದ ಮೇಲೂ ನಾನು ಕೊಡಲಿಲ್ಲವಲ್ಲ. ಶಾಲೆಯಿಂದ ಬಂದು, ಆರು ಗಂಟೆಯೊಳಗೆ ಡಬ್ಬ ತುಂಬಬೇಕು, ಸುತ್ತು ಸಮ ಇರಬೇಕು, ಬೀಗರು ನೋಡಿದರೆ ಮೆಚ್ಚಬೇಕು. ಮೂವತ್ತು ವರ್ಷ ಕೆಂಪು ಶಾಯಿ ಹಿಡಿದ ಕೈ, ಮನೆಗೆ ಬಂದರೂ ಶಾಯಿ ಆರಿರಲಿಲ್ಲ. ಮಧ್ಯಾಹ್ನ ಅವಳು ನೋಡಿದ ನೋಟ ಆ ಅಡುಗೆಮನೆಯ ಹೊಸ್ತಿಲಾಚೆ ನಿಂತ ಏಳು ವರ್ಷದವಳದ್ದು.

ನಮ್ಮ ಅಜ್ಜಿ ಹಾಗಿರಲಿಲ್ಲ, ನೆನಪಿದೆಯಾ? ಕೋಡುಬಳೆ ದಿನ ನಮಗಿಬ್ಬರಿಗೂ ಒಂದೊಂದು ನಿಂಬೆಗಾತ್ರ ಹಿಟ್ಟು ಕೊಡುತ್ತಿದ್ದಳು. ನಿನ್ನದು ಹಾವಾಗುತ್ತಿತ್ತು, ನನ್ನದು ಮುರಿಯುತ್ತಿತ್ತು. ಅವಳು ಅದನ್ನು ಮತ್ತೆ ಹಿಸುಕಿ ಸರಿಮಾಡಿದ್ದು ನನಗೆ ನೆನಪೇ ಇಲ್ಲ. ಹಾಗೇ ಎಣ್ಣೆಗೆ ಬಿಟ್ಟು, ಮನೆಗೆ ಬಂದವರ ತಟ್ಟೆಗೆ ಅದನ್ನೇ ಮೊದಲು ಹಾಕಿ, "ಇದು ದೊಡ್ಡವಳ ಕೈಯದು, ಇದು ಪುಟ್ಟಿ ಕೈಯದು" ಅನ್ನುತ್ತಿದ್ದಳು. ಬಂದವರು ಕಟುಕುಟು ಅಂತ ತಿಂದು ಚೆನ್ನಾಗಿದೆ ಅನ್ನುತ್ತಿದ್ದರು. ನಾವು ಕಂಬದ ಹಿಂದೆ ನಿಂತು ಕೇಳುತ್ತಿದ್ದೆವು. ಇಂಥ ಅಜ್ಜಿಯ ಮೊಮ್ಮಗಳು ನಾನು, ತಾಯಿಯಾದಾಗ ಅದನ್ನು ಎಲ್ಲಿ ಬಿಟ್ಟು ಬಂದೆ?

ಮಗಳ ಎದುರು ಕುರ್ಚಿ ಎಳೆದು ಕೂತೆ. ತಪ್ಪಾಯಿತು ಅನ್ನುವುದು ನಮ್ಮ ಮನೆಯಲ್ಲಿ ರೂಢಿಯ ಮಾತಲ್ಲ. "ಕೋನ್ ಇತ್ಲಾಗೆ ಕೊಡು, ಬಲೆ ಎಳೆಯೋದು ತೋರಿಸ್ತೀನಿ" ಅಂತ ಹೇಳಲು ಹೊರಟು, ನುಂಗಿಕೊಂಡು, "ನೀನೇ ಎಳಿ, ನಾನು ಹಿಡ್ಕೋತೀನಿ" ಅಂದೆ. ಬಿಸ್ಕತ್ತು ಅಲ್ಲಾಡದ ಹಾಗೆ ಎರಡು ಬೆರಳಲ್ಲಿ ಹಿಡಿದೆ. ಅವಳು ಸುತ್ತು ಎಳೆದಳು. ಸುತ್ತು ಸೇರಲಿಲ್ಲ, ಬಾಯಿ ಬಿಟ್ಟುಕೊಂಡಿತು. ನನ್ನ ಬೆರಳು ತುರಿಸಿದವು ಕಣೇ, ದೇವರಾಣೆ ತುರಿಸಿದವು. ಸುಮ್ಮನಿದ್ದೆ.

ಬೆಳಿಗ್ಗೆ ಮೊಮ್ಮಗ ಏಳುವ ಮೊದಲೇ ಅವನ ಜೇಡದ ಎರಡು ಕಾಲು ಕಿತ್ತೆ. ಕಣ್ಣನ್ನು ಮತ್ತೆ ಒಂದೇ ಕಡೆಗೆ ವಾಲಿಸಿದೆ. ವಿಜ್ಞಾನದ ಮೇಷ್ಟ್ರಮ್ಮ ಜೇಡದ ಕಾಲು ಕೀಳುವುದನ್ನು ಮಗಳು ಬಾಗಿಲಲ್ಲಿ ನಿಂತು ನೋಡಿ ನಕ್ಕಳು. ಅವನು ಬಂದ, ತಟ್ಟೆ ನೋಡಿದ, ಎಣಿಸಿದ. ಆರು! "ಅಜ್ಜೀ, ಆ ಎರಡು ಕಾಲು ನಾನು ತಿಂದಿದ್ದೆ" ಅಂದ. ಅಷ್ಟೇ ಕಾರಣ. ನಾನು ಕೇಳಿದ್ದರೆ ಹಿಂದಿನ ದಿನವೇ ಹೇಳುತ್ತಿದ್ದ.

ಹಬ್ಬದ ಸಂಜೆ ಒದ್ದೆ ಚಳಿ. ಇಲ್ಲಿಯವರಿಗೆ ಅದೇನೂ ಲೆಕ್ಕಕ್ಕಿಲ್ಲ. 1991ರಲ್ಲಿ ಹ್ಯಾಲೋವೀನ್ ದಿನ ಶುರುವಾದ ಹಿಮ ಈ ಊರಿನಲ್ಲಿ 28 ಅಂಗುಲ ಬಿದ್ದಿತ್ತಂತೆ. ಈ ಸೀಮೆಯ ತಾಯಂದಿರು ಮಕ್ಕಳ ವೇಷವನ್ನು ದಪ್ಪ ಕೋಟಿನ ಮೇಲೆ ಹಿಡಿಸುವಷ್ಟು ಅಗಲವಾಗಿ ಹೊಲಿಸುವುದು ಸುಮ್ಮನೆ ಅಲ್ಲ. ನಾನು ಹಣತೆ ಹಚ್ಚಿ ಬಾಗಿಲಲ್ಲಿ ಕೂತಿದ್ದೆ. ಪಕ್ಕದ ಮನೆಯವರು, ಮಗಳ ಆಫೀಸಿನ ಗೆಳತಿ ಒಳಗೆ ಬಂದಾಗ ಅವರ ಮುಂದೆ ತಟ್ಟೆ ಹಿಡಿದು, ನನ್ನ ಹರಕು ಇಂಗ್ಲಿಷಿನಲ್ಲಿ, ಇದು ದೊಡ್ಡವಳ ಕೈಯದು, ಇದು ಚಿಕ್ಕವನ ಕೈಯದು ಅಂದೆ. ಆಮೇಲೆ ಬಾಯಿ ಸೇರದ ಬಲೆಯ ಬಿಸ್ಕತ್ತು ಎತ್ತಿ, ಇದು ನನ್ನ ಮಗಳ ಕೈಯದು ಅಂದೆ. ಅವಳು ಒಳಗೆ ಏನೋ ಕೆಲಸ ಇದ್ದವಳ ಹಾಗೆ ಅಡುಗೆಮನೆಗೆ ಹೋದಳು.

ಈಗ ನಿನ್ನ ಎರಡನೇ ಮಾತಿಗೆ ಬರುತ್ತೇನೆ. ಸೆರಗಿನ ಗಂಟು ಬಿಚ್ಚು. ಕ್ರಿಸ್‌ಮಸ್ ರಜಕ್ಕೆ ಮೊಮ್ಮಕ್ಕಳು ಮತ್ತೆ ಬರುತ್ತವಲ್ಲ, ಮೊಬೈಲು ಇಡಿ ಅಂತ ಬಯ್ಯಬೇಡ. ಕೈಗೆ ಬೇರೆ ಕೆಲಸ ಕೊಡು. ನಿನ್ನ ಹತ್ತಿರ ಓವನ್ ಇಲ್ಲ, ಬೇಡವೂ ಬೇಡ. ಮಾರಿ ಬಿಸ್ಕತ್ತು ತರಿಸು, ಸಕ್ಕರೆ ಪುಡಿಗೆ ಹಾಲು ಹಾಕು, ಅರಿಶಿನಕ್ಕೆ ಹನಿ ಬೀಟ್‌ರೂಟ್ ರಸ ಸೇರಿಸಿದರೆ ಕಿತ್ತಳೆಯೂ ಸಿಗುತ್ತದೆ. ದೆವ್ವ ಬೇಡ ಅಂದರೆ ಯಕ್ಷಗಾನದ ಬಣ್ಣದ ವೇಷ ಬರೆಯಲಿ. ಇಲ್ಲವೇ ಇನ್ನೂ ಸುಲಭ, ಕೋಡುಬಳೆ. ಎಣ್ಣೆಯ ಹತ್ತಿರ ನೀನಿರು, ಹೊಸೆಯುವುದು ಅವರಿಗೆ ಬಿಡು. ಲೆಕ್ಕಕ್ಕೆ ಸಿಗದ ಹಾಗೆ ಹಿಟ್ಟು ಜಾಸ್ತಿಯೇ ಕಲಸು, ಹಾಳಾಗುವುದಕ್ಕೆ ಅಂತಲೇ ಒಂದು ಪಾಲು ಇರಲಿ. ಉಪ್ಪು ಖಾರ ನೀನು ನೋಡಿಕೊಂಡಿರುತ್ತೀಯಲ್ಲ, ಆಕಾರ ಕೆಟ್ಟರೆ ರುಚಿ ಕೆಡುವುದಿಲ್ಲ. ಕೈ ತುರಿಸುತ್ತದೆ, ಹೇಳಿದ್ದೇನೆ. ಆಗ ಸೆರಗು ಹಿಡಿದುಕೋ.

ಗೋಡೆಯಲ್ಲಿ ಈಗ ಐದಾಯಿತು. ಸಿಕ್ಕ ಗಂಟೆ ನಿನಗೇ ಖರ್ಚಾಯಿತು. ಮೇಲೆ ಯಾರೋ ಎದ್ದ ಸದ್ದು. ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳು. ತುಳಸಿ ಹಬ್ಬಕ್ಕೆ ನೆಲ್ಲಿಕೊಂಬೆ ಸಿಕ್ಕಿತಾ ಬರಿ.

ನಿನ್ನ
ಅಕ್ಕ

ಮರೆತಿದ್ದೆ: ಆ ಜೇಡವನ್ನು ಅವನು ತಿನ್ನಲಿಲ್ಲ. ಊರಿನ ಚಿಕ್ಕಜ್ಜಿಗೆ ಅಂತ ಡಬ್ಬಕ್ಕೆ ಹಾಕಿಸಿದ್ದಾನೆ. ಡಿಸೆಂಬರಿನಲ್ಲಿ ತರುತ್ತೇನೆ. ದಾರಿಯಲ್ಲಿ ಇನ್ನೊಂದು ಕಾಲು ಮುರಿದರೂ ಮುರಿಯಬಹುದು, ಎಣಿಸಬೇಡ.